ಮೋಟಾರ್ ಸೈಕಲ್ಲಿನ ರೆಗ್ಯುಲೇಟರ್: ಬ್ಯಾಟರಿ ಕೊಳ್ಳುವ ಮೊದಲು ಪರೀಕ್ಷಿಸಿರಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ರೈತ ಬಾಂಧವರಿಗೆ ಮೋಟಾರ್ ಸೈಕಲ್ ಈಗ ಗುದ್ದಲಿಯಷ್ಟೇ ಅವಶ್ಯಕವಾದ ಸಾಧನ. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಲ್ಲಾಗಲಿ, ಸುತ್ತಲಿನ ಕ್ಯಾಂಪುಗಳಲ್ಲಾಗಲಿ 45 ಕಿಲೋ ಯೂರಿಯಾ ಚೀಲ ಗದ್ದೆಗೆ ಹೋಗುವುದು ಇದರ ಮೇಲೆ; ಹಾಲಿನ ಕ್ಯಾನು, ಸಿಂಪರಣೆ ಯಂತ್ರ, ಆಳುಗಳ ಬುತ್ತಿ ಹೋಗುವುದೂ ಇದರ ಮೇಲೆಯೇ. ರಾತ್ರಿ ಪಾಳಿಯ ನೀರು ಕಟ್ಟಲು ಹೊರಟಾಗ ಕಾಲುವೆ ದಂಡೆಯ ಮೇಲೆ ದೀಪ ಆರಿಹೋದರೆ ಏನಾಗಬಹುದೆಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ.

ಸೆಲ್ಫ್ ಹಿಡಿಯದಿದ್ದರೆ, ಹಾರ್ನ್ ಸಣ್ಣದಾಗಿ ಕೇಳಿಸಿದರೆ ಕೂಡಲೇ ಹೊಸ ಬ್ಯಾಟರಿ ಹಾಕಿಸುವುದು ರೂಢಿಯಾಗಿದೆ. ಆರು ತಿಂಗಳಲ್ಲಿ ಅದೂ ಕೆಡುತ್ತದೆ. ಆಗ ಬ್ಯಾಟರಿ ಕಂಪನಿಯನ್ನು ಬಯ್ದು ಇನ್ನೊಂದನ್ನು ತರುತ್ತೇವೆ. ಒಂದೇ ಗಾಡಿಯಲ್ಲಿ ಬ್ಯಾಟರಿಗಳು ಒಂದರ ಹಿಂದೊಂದು ಕೆಡುತ್ತಿದ್ದರೆ ದೋಷ ಬಹುಮಟ್ಟಿಗೆ ಬ್ಯಾಟರಿಯಲ್ಲಿರುವುದಿಲ್ಲ, ಅದಕ್ಕೆ ವಿದ್ಯುತ್ ಕೊಡುವ ವ್ಯವಸ್ಥೆಯಲ್ಲಿರುತ್ತದೆ. ಈ ವ್ಯವಸ್ಥೆಯ ಮುಖ್ಯ ಭಾಗವೇ ವೋಲ್ಟೇಜ್ ರೆಗ್ಯುಲೇಟರ್.

ಅದು ಮಾಡುವ ಕೆಲಸ

ರೆಗ್ಯುಲೇಟರ್ ಎಂಬ ಮಾತು ಕಾಲುವೆ ರೈತರಿಗೆ ಹೊಸದಲ್ಲ. ಕಾಲುವೆಗೆ ಅಡ್ಡಲಾಗಿ ಗೇಟು ಹಾಕಿ ನೀರಿನ ಮಟ್ಟ ಕಾಯುವ ಕಟ್ಟಡಕ್ಕೂ ಅದೇ ಹೆಸರು. ಗಾಡಿಯಲ್ಲಿ ಅದು ಮಾಡುವುದೂ ಇದೇ ಕೆಲಸ. ಎಂಜಿನ್ ತಿರುಗಿದಂತೆ ಒಳಗಿನ ಕಾಯಿಲ್ ಪ್ಲೇಟಿನಲ್ಲಿ ಎ.ಸಿ. ವಿದ್ಯುತ್ ಹುಟ್ಟುತ್ತದೆ. ಎಕ್ಸಿಲೇಟರ್ ಹೆಚ್ಚಿಸಿದಷ್ಟೂ ಅದರ ವೋಲ್ಟೇಜ್ ಏರುತ್ತ ಹೋಗುತ್ತದೆ. ಬ್ಯಾಟರಿಗೆ ಬೇಕಾದದ್ದು ಡಿ.ಸಿ.; ಅದೂ ಸುಮಾರು 14 ವೋಲ್ಟ್ ಮಾತ್ರ. ರೆಗ್ಯುಲೇಟರ್ ಎ.ಸಿ.ಯನ್ನು ಡಿ.ಸಿ. ಮಾಡುತ್ತದೆ, ಮತ್ತು ಮಟ್ಟ ಮೀರಿದ್ದನ್ನು ಬ್ಯಾಟರಿಗೆ ಹೋಗಗೊಡುವುದಿಲ್ಲ. ಈ ಕೆಲಸದಲ್ಲಿ ಅದು ಬಹಳ ಕಾಯುತ್ತದೆ. ಆದ್ದರಿಂದಲೇ ಅದರ ಅಲ್ಯೂಮಿನಿಯಂ ಮೈಗೆ ಏಣುಗಳನ್ನು ಕೊಟ್ಟು, ಗಾಳಿ ತಾಗುವ ಕಡೆ ಕೂರಿಸಿರುತ್ತಾರೆ. ಗದ್ದೆಯ ಕೆಸರು ಈ ಏಣುಗಳ ನಡುವೆ ಒಣಗಿ ಕುಳಿತರೆ ಶಾಖ ಹೊರಹೋಗದು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದೊಂದೇ ಕಾರಣ ಸಾಕು ಅದು ಸುಡಲಿಕ್ಕೆ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿ ಗಾಡಿಗಳನ್ನು ಇನ್ನೂ ಇಟ್ಟುಕೊಂಡಿರುವವರು ಇದ್ದಾರೆ. ಅವುಗಳ 6 ವೋಲ್ಟಿನ ಡೈನಮೋಗೆ ಇದ್ದದ್ದು ಪಾಯಿಂಟುಗಳು ಕೂಡಿ ಬಿಡುವ ರೆಗ್ಯುಲೇಟರ್. ಅದನ್ನು ಉಜ್ಜಿ, ಅಂತರ ಸರಿಪಡಿಸಿ ಮತ್ತೆ ಬಳಸಬಹುದಾಗಿತ್ತು. ಈಗಿನದು ಒಳಗೆ ಅಂಟು ಸುರಿದು ಮುಚ್ಚಿದ ಪೆಟ್ಟಿಗೆ. ಕೆಟ್ಟರೆ ಬದಲಿಸಬೇಕು, ಬಿಚ್ಚಿ ಪ್ರಯೋಜನವಿಲ್ಲ. ಈ ಲೇಖನದ ಅಳತೆಗಳೆಲ್ಲ 12 ವೋಲ್ಟಿನ ಗಾಡಿಗಳಿಗೆ ಸಂಬಂಧಿಸಿದವು.

ಕೆಟ್ಟಿರುವ ಗುರುತುಗಳು

ರೆಗ್ಯುಲೇಟರ್ ಎರಡು ಬಗೆಯಲ್ಲಿ ಕೆಡುತ್ತದೆ. ಒಂದು, ಬ್ಯಾಟರಿಗೆ ವಿದ್ಯುತ್ತನ್ನೇ ಕೊಡದೆ ನಿಲ್ಲುವುದು. ಆಗ ಸೆಲ್ಫ್ ಎಳೆಯದು, ಇಂಡಿಕೇಟರ್ ಮಂಕಾಗುತ್ತದೆ. ಇನ್ನೊಂದು, ಕಾವಲಿಲ್ಲದ ತೂಬಿನಂತೆ ಎಲ್ಲವನ್ನೂ ಒಳಬಿಡುವುದು. ಎರಡನೆಯದೇ ಹೆಚ್ಚು ಅಪಾಯಕಾರಿ. ಬ್ಯಾಟರಿಯ ನೀರು ಬೇಗ ಬತ್ತುತ್ತದೆ, ಮುಚ್ಚಿದ ಬ್ಯಾಟರಿಯಾದರೆ ಪಕ್ಕಗಳು ಉಬ್ಬುತ್ತವೆ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಬಲ್ಬುಗಳು ಸುಡುತ್ತವೆ.

ಹಳೆಯ 100 ಸಿ.ಸಿ. ಗಾಡಿಗಳಲ್ಲಿ ಒಂದು ವಿಶೇಷವಿದೆ. ಅನೇಕ ಗಾಡಿಗಳ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ, ಕಾಯಿಲ್ಲಿನ ಎ.ಸಿ.ಯಿಂದಲೇ ಉರಿಯುತ್ತದೆ, ಹಾರ್ನ್, ಇಂಡಿಕೇಟರ್ ಮಾತ್ರ ಬ್ಯಾಟರಿಯವು. ಇಂಥ ಗಾಡಿಯಲ್ಲಿ ಹಾರ್ನ್ ಸರಿಯಾಗಿದ್ದು, ವೇಗ ಹೆಚ್ಚಿಸಿದಾಗಲೆಲ್ಲ ಹೆಡ್‌ಲೈಟ್ ಬಲ್ಬು ಸುಡುತ್ತಿದ್ದರೂ ರೆಗ್ಯುಲೇಟರನ್ನೇ ಸಂಶಯಿಸಬೇಕು.

2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಹತೋಟಿಯಲ್ಲಿ ಚಿಮ್ಮಿಸುವ ಗಾಡಿಗಳು ಬಂದಿವೆ. ಇವುಗಳಿಗೆ ಬ್ಯಾಟರಿ ಸರಿಯಿಲ್ಲದಿದ್ದರೆ ಎಂಜಿನ್ನೇ ಹೊತ್ತದಿರಬಹುದು. ವೋಲ್ಟೇಜ್ ಮಿತಿಮೀರಿದರೆ ಆ ಪೆಟ್ಟಿಗೆಯೇ ಸುಟ್ಟೀತು. ಅದರ ಬೆಲೆಯ ಮುಂದೆ ರೆಗ್ಯುಲೇಟರಿನ ಬೆಲೆ ಏನೂ ಅಲ್ಲ.

ಇಲ್ಲಿಯೇ ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು, ‘ಗಾಡಿ ನಿಲ್ಲಲಿಲ್ಲ, ಚಾರ್ಜಿಂಗ್ ಸರಿಯಿದೆ’ ಎಂದು ಹೇಳುವ ಪರೀಕ್ಷೆಯನ್ನು ಎಷ್ಟೋ ಕಡೆ ಮಾಡುತ್ತಾರೆ. ಯಾವ ಕಾರಣಕ್ಕೂ ಇದಕ್ಕೆ ಅವಕಾಶ ಕೊಡಬೇಡಿರಿ. ಏರಿಳಿತವನ್ನು ತಡೆದುಕೊಳ್ಳುವ ಬ್ಯಾಟರಿಯೇ ಇಲ್ಲವಾದಾಗ ವೋಲ್ಟೇಜ್ ಒಮ್ಮೆಲೇ ಜಿಗಿದು, ಚೆನ್ನಾಗಿದ್ದ ರೆಗ್ಯುಲೇಟರೂ ಇತರ ಎಲೆಕ್ಟ್ರಾನಿಕ್ ಭಾಗಗಳೂ ಹಾಳಾಗುತ್ತವೆ.

ಮೀಟರಿನಿಂದ ಪರೀಕ್ಷೆ

ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್. ಪಂಪ್‌ಸೆಟ್ ಕೆಲಸಕ್ಕೆಂದು ಹಲವರು ಇದನ್ನು ಮನೆಯಲ್ಲಿ ಇಟ್ಟಿರುತ್ತಾರೆ. ಇಲ್ಲದವರು ಒಂದನ್ನು ಕೊಂಡರೆ ನಷ್ಟವಿಲ್ಲ.

ಮೊದಲು ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಚಾವಿ ಹಾಕುವ ಮುನ್ನ ಬ್ಯಾಟರಿಯ ಎರಡು ತುದಿಗಳಲ್ಲಿ ಡಿ.ಸಿ. ವೋಲ್ಟೇಜ್ ನೋಡಿರಿ. 12.6ರ ಆಸುಪಾಸು ಇದ್ದರೆ ತುಂಬಿದೆ. 12ರ ಹತ್ತಿರವಿದ್ದರೆ ಬರಿದಾಗಿದೆ. ಬರಿದಾದ ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿಯೇ ಮುಂದಿನ ಪರೀಕ್ಷೆಗೆ ಹೋಗಬೇಕು, ಇಲ್ಲವಾದರೆ ಅಳತೆ ದಾರಿ ತಪ್ಪಿಸುತ್ತದೆ. ಚಾರ್ಜ್ ಮಾಡಿಸಿದರೂ ಒಂದೇ ದಿನದಲ್ಲಿ ಇಳಿದುಹೋದರೆ ಬ್ಯಾಟರಿಯ ಆಯುಷ್ಯವೇ ಮುಗಿದಿರಬಹುದು, ಅಥವಾ ಗಾಡಿ ನಿಂತಿದ್ದಾಗಲೂ ಎಲ್ಲಿಯೋ ವಿದ್ಯುತ್ ಸೋರುತ್ತಿರಬಹುದು. ಬ್ಯಾಟರಿಯನ್ನು ಬಿಚ್ಚಿಟ್ಟು ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಈಗ ಎಂಜಿನ್ ಹೊತ್ತಿಸಿ, ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಮೇಲೆಯೇ ಇಟ್ಟು, ನಿಧಾನವಾಗಿ ಎಕ್ಸಿಲೇಟರ್ ಹೆಚ್ಚಿಸಿರಿ. ಮಧ್ಯಮ ವೇಗದಲ್ಲಿ 13.5ರಿಂದ 14.8ರೊಳಗೆ ಏರಿ ಅಲ್ಲಿಯೇ ನಿಂತರೆ ವ್ಯವಸ್ಥೆ ಸರಿಯಾಗಿದೆ. 15 ದಾಟಿ ಏರುತ್ತಲೇ ಹೋದರೆ ಕೂಡಲೇ ಎಂಜಿನ್ ಆರಿಸಿರಿ. ಎಷ್ಟು ವೇಗ ಕೊಟ್ಟರೂ 13 ದಾಟದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. ಅರ್ಧ ಗಂಟೆ ಓಡಿಸಿ, ಕಾದ ಮೇಲೆ ಇನ್ನೊಮ್ಮೆ ನೋಡುವುದು ಅವಶ್ಯ. ತಣ್ಣಗಿರುವಾಗ ನೆಟ್ಟಗಿದ್ದು ಬಿಸಿಯಾದ ಮೇಲೆ ಕೈಕೊಡುವ ರೆಗ್ಯುಲೇಟರುಗಳೇ ಹೆಚ್ಚು ಮೋಸ ಮಾಡುವಂಥವು.

ಅಳತೆ ತಪ್ಪಾಗಿ ಬಂದ ಮಾತ್ರಕ್ಕೆ ರೆಗ್ಯುಲೇಟರಿನ ಮೇಲೆ ತಪ್ಪು ಹೊರಿಸಬಾರದು. ಮೊದಲು ಅದರ ಕಪ್ಲರನ್ನು ಬಿಚ್ಚಿ ನೋಡಿರಿ. ಪ್ಲಾಸ್ಟಿಕ್ಕು ಕರಗಿರುವುದು, ಪಿನ್ನುಗಳು ಕಪ್ಪಾಗಿರುವುದು ಅಥವಾ ಹಸಿರು ಕಿಲುಬು ಹಿಡಿದಿರುವುದು ನಮ್ಮ ಗದ್ದೆ ಬಯಲಿನ ಗಾಡಿಗಳಲ್ಲಿ ಸಾಮಾನ್ಯ. ಗೊಬ್ಬರದ ಚೀಲ ಹೊರುವ ಗಾಡಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಯೂರಿಯಾ, ಪೊಟ್ಯಾಷ್‌ಗಳ ಪುಡಿ ತೇವ ಹೀರಿ ತಾಮ್ರ, ಕಬ್ಬಿಣಗಳನ್ನು ತಿನ್ನುತ್ತದೆ. ಅನಂತರ ಅರ್ತ್ ನೋಡಿರಿ: ಎಂಜಿನ್ ಓಡುತ್ತಿರುವಾಗ ಒಂದು ಕಡ್ಡಿಯನ್ನು ರೆಗ್ಯುಲೇಟರಿನ ಅರ್ತ್ ವೈರಿಗೂ (ಆ ವೈರಿಲ್ಲದಿದ್ದರೆ ಅದರ ಲೋಹದ ಮೈಗೂ) ಇನ್ನೊಂದನ್ನು ಬ್ಯಾಟರಿಯ ಮೈನಸ್ ತುದಿಗೂ ಇಟ್ಟರೆ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಅರ್ತ್ ಜೋಡಣೆ ಸಡಿಲವಿದೆ ಅಥವಾ ತುಕ್ಕು ಹಿಡಿದಿದೆ. ಪ್ಲಸ್ ವೈರನ್ನೂ, ಅದರ ಫ್ಯೂಸನ್ನೂ ಇದೇ ರೀತಿ ನೋಡಬೇಕು. ಬರೀ ಉಪ್ಪು ಕಾಗದದಿಂದ ಉಜ್ಜಿ, ಬೋಲ್ಟು ಬಿಗಿ ಮಾಡಿದ್ದರಿಂದಲೇ ಸರಿಹೋಗುವ ಗಾಡಿಗಳು ಕಡಿಮೆಯೇನಲ್ಲ.

ವೈರುಗಳು ಸರಿಯಿದ್ದರೆ ಉಳಿಯುವುದು ಕಾಯಿಲ್ ಪ್ಲೇಟ್. ಕಾಯಿಲ್ಲಿನಿಂದ ಒಂದೇ ಬಣ್ಣದ ಮೂರು ವೈರುಗಳು, ಸಾಮಾನ್ಯವಾಗಿ ಹಳದಿ, ಬರುವ ಗಾಡಿಯಾದರೆ ಎಂಜಿನ್ ಆರಿಸಿ ಕಪ್ಲರ್ ಕಳಚಿರಿ. ಮೀಟರನ್ನು ಎ.ಸಿ.ಗೆ ತಿರುಗಿಸಿ, ಎಂಜಿನ್ ಹೊತ್ತಿಸಿ, ಮೂರರಲ್ಲಿ ಎರಡೆರಡನ್ನು ಜೋಡಿ ಮಾಡಿ ಅಳೆಯಿರಿ. ಮೂರು ಜೋಡಿಗಳೂ ಸಮನಾಗಿ ತೋರಿಸಿ, ವೇಗದೊಂದಿಗೆ ಸಮನಾಗಿ ಏರಬೇಕು. ವೇಗದಲ್ಲಿ ಇದು 50 ವೋಲ್ಟನ್ನೂ ದಾಟಬಹುದಾದ್ದರಿಂದ ಬರಿಗೈಯಲ್ಲಿ ಪಿನ್ನು ಮುಟ್ಟಬಾರದು. ಒಂದು ಜೋಡಿ ಹಿಂದುಳಿದರೆ ದೋಷ ಕಾಯಿಲ್ಲಿನದು. ಎಂಜಿನ್ ಆರಿಸಿದ ಮೇಲೆ ಈ ವೈರುಗಳಿಗೂ ಗಾಡಿಯ ಮೈಗೂ ಸಂಪರ್ಕ ತೋರಿಸಿದರೂ ಕಾಯಿಲ್ ಸುಟ್ಟಿದೆ ಎಂದೇ ಅರ್ಥ. ಸಣ್ಣ ಗಾಡಿಗಳಿಗೆ ಈ ಕೊನೆಯ ಮಾತು ಅನ್ವಯಿಸದು. ಅವುಗಳ ಕಾಯಿಲ್ಲಿನ ಒಂದು ತುದಿಯನ್ನು ಕಾರ್ಖಾನೆಯಲ್ಲೇ ಮೈಗೆ ಸೇರಿಸಿರುವುದುಂಟು. ಅಲ್ಲಿ ವೈರು ಮತ್ತು ಮೈಯ ನಡುವಿನ ಎ.ಸಿ. ವೇಗದೊಂದಿಗೆ ಏರುತ್ತದೆಯೇ ಎಂದು ನೋಡಿದರೆ ಸಾಕು.

ವೈರು, ಅರ್ತ್, ಕಾಯಿಲ್ ಮೂರೂ ಸರಿಯಿದ್ದು ಬ್ಯಾಟರಿಯ ಮೇಲಿನ ಅಳತೆ ಮಾತ್ರ ತಪ್ಪಿದ್ದರೆ, ಆಗ ರೆಗ್ಯುಲೇಟರ್ ಬದಲಿಸಿರಿ.

ಬದಲಿಸುವ ಕ್ರಮ

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿರಿ. ಕಪ್ಲರ್ ಕೂಡಿತೆಂದ ಮಾತ್ರಕ್ಕೆ ಒಳಗಿನ ರಚನೆ ಒಂದೇ ಎಂದು ತಿಳಿಯಬಾರದು. ಮೂರು ಹಳದಿ ವೈರಿನ ಗಾಡಿಯ ರೆಗ್ಯುಲೇಟರ್ ಬೇರೆ, ಹೆಡ್‌ಲೈಟನ್ನು ಎ.ಸಿ.ಯಿಂದ ಉರಿಸುವ ಗಾಡಿಯದು ಬೇರೆ. ಗಾಡಿಯ ಮಾದರಿ, ತಯಾರಾದ ವರ್ಷ ಹೇಳಿ, ಅದಕ್ಕೇ ಸಂಬಂಧಿಸಿದ್ದನ್ನು ಕೇಳಿ ಪಡೆಯಿರಿ. ಬೆಲೆ ಕಡಿಮೆಯೆಂದು ಹೆಸರಿಲ್ಲದ ಮಾಲನ್ನು ತಂದರೆ ಅದು ಒಂದು ಬೇಸಿಗೆಯನ್ನು ಕಳೆಯುವುದೂ ಕಷ್ಟ.

ಎಂಜಿನ್ ತಣಿದ ಮೇಲೆ ಬ್ಯಾಟರಿಯ ಮೈನಸ್ ವೈರನ್ನು ಮೊದಲು ಬಿಚ್ಚಿರಿ. ಹತ್ತಿರದಲ್ಲಿ ಬೀಡಿ, ಬೆಂಕಿ ಬೇಡ. ಬ್ಯಾಟರಿಯಿಂದ ಬರುವ ಅನಿಲ ಹೊತ್ತಿಕೊಳ್ಳುತ್ತದೆ. ರೆಗ್ಯುಲೇಟರ್ ಕೂರುವ ಜಾಗದ ಕೆಸರು, ಬಣ್ಣ, ತುಕ್ಕುಗಳನ್ನು ಉಪ್ಪು ಕಾಗದದಿಂದ ಉಜ್ಜಿ ಲೋಹ ಕಾಣುವಂತೆ ಮಾಡಿರಿ. ಶಾಖ ಇಳಿದುಹೋಗುವುದು ಈ ಜಾಗದ ಮೂಲಕವೇ, ಹಲವು ಗಾಡಿಗಳಲ್ಲಿ ಅರ್ತ್ ಸಿಗುವುದೂ ಇಲ್ಲಿಯೇ. ಕರಗಿದ ಕಪ್ಲರಿಗೆ ಹೊಸ ರೆಗ್ಯುಲೇಟರನ್ನು ಸಿಕ್ಕಿಸಬೇಡಿರಿ, ಕಪ್ಲರನ್ನೂ ಬದಲಿಸಿರಿ. ವೈರನ್ನು ತಿರುಚಿ ಟೇಪು ಸುತ್ತುವುದು ಗದ್ದೆಯಿಂದ ಮನೆ ಸೇರುವವರೆಗಿನ ಉಪಾಯವಷ್ಟೇ. ಬೋಲ್ಟುಗಳನ್ನು ಬಿಗಿ ಮಾಡಿ, ಮೈನಸ್ ವೈರನ್ನು ಕೊನೆಯಲ್ಲಿ ಜೋಡಿಸಿರಿ.

ಪೂರ್ತಿ ಬರಿದಾದ ಬ್ಯಾಟರಿಯನ್ನು ಹಾಗೆಯೇ ಹಾಕಿ ಗಾಡಿ ಓಡಿಸುವುದು ತರವಲ್ಲ. ಅದನ್ನು ತುಂಬಿಸುವ ಭಾರವೆಲ್ಲ ಹೊಸ ರೆಗ್ಯುಲೇಟರಿನ ಮೇಲೂ ಕಾಯಿಲ್ಲಿನ ಮೇಲೂ ಬೀಳುತ್ತದೆ. ಹೊರಗೆ ಚಾರ್ಜ್ ಮಾಡಿಸಿ ಹಾಕಿ, ಮೊದಲಿನಂತೆಯೇ ಮೀಟರಿನಿಂದ ನೋಡಿರಿ; ಕಾದ ಮೇಲೂ ನೋಡಿರಿ. ಆ ಅಳತೆಯನ್ನು ತಾರೀಖಿನೊಂದಿಗೆ ಬರೆದಿಟ್ಟರೆ ಮುಂದಿನ ವರ್ಷ ಹೋಲಿಸಲು ಅನುಕೂಲ.

ರಾತ್ರಿ ನೀರು ಕಟ್ಟುವವರು ಹೆಚ್ಚಿನ ಬೆಳಕಿಗೆಂದು ದೊಡ್ಡ ದೀಪಗಳನ್ನು ಕೂಡಿಸಿಕೊಳ್ಳುವುದುಂಟು. ಸಣ್ಣ ಗಾಡಿಗಳ ಹೆಡ್‌ಲೈಟು ಸಾಮಾನ್ಯವಾಗಿ 35 ವಾಟಿನದು, ಕಾಯಿಲ್ಲಿನ ಶಕ್ತಿಯೂ ಅದಕ್ಕೆ ತಕ್ಕಂತೆ. 55 ವಾಟಿನ ಇನ್ನೊಂದು ದೀಪವನ್ನು ಅದು ಸಾಕಲಾರದು. ಕೊರತೆಯನ್ನು ಬ್ಯಾಟರಿ ತುಂಬಬೇಕಾಗುತ್ತದೆ, ಮತ್ತೆ ಬ್ಯಾಟರಿ ಬರಿದಾಗುತ್ತದೆ. ಆ ಕೆಲಸಕ್ಕೆ ಮನೆಯಲ್ಲಿ ಚಾರ್ಜ್ ಮಾಡುವ ತಲೆದೀಪವೊಂದನ್ನು ಇಟ್ಟುಕೊಳ್ಳಿರಿ. ನೀರು ತಿರುವುವಾಗ ಎರಡು ಕೈಗಳೂ ಖಾಲಿ ಇರುತ್ತವೆ.