ಹರಕೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ

ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂದಾಗ ನಮ್ಮ ಜನ ನೇರವಾಗಿ ಆಸ್ಪತ್ರೆಗೆ ಬರುವುದು ಕಡಿಮೆ. ಗುಡಿ, ಮಠ, ದರ್ಗಾ, ತಾಯತ ಕಟ್ಟುವವರ ಮನೆ, ಎಲ್ಲ ಸುತ್ತಿದ ಮೇಲೆ ಬರುತ್ತಾರೆ. ಬಂದ ಮೇಲೂ ಅದನ್ನೆಲ್ಲ ಹೇಳಿದರೆ ಡಾಕ್ಟರು ಬೈದಾರು ಎಂದು ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಯಾವ ಹರಕೆ ಹೊತ್ತಿದ್ದೀರಿ, ಯಾವ ವ್ರತ ನಡೆದಿದೆ, ಯಾರು ಯಾವ ಬೇರು ಅಥವಾ ಪುಡಿ ಕೊಟ್ಟಿದ್ದಾರೆ ಎಂಬುದು ಗೊತ್ತಾದರೆ ಚಿಕಿತ್ಸೆ ಸುಲಭವಾಗುತ್ತದೆ.

ದೇವರ ಸನ್ನಿಧಿಯಲ್ಲಿ ರೋಗಿಗೆ ನೆಮ್ಮದಿ ಸಿಗುತ್ತದೆ ಎಂಬುದು ಬರಿಯ ನಂಬಿಕೆಯ ಮಾತಲ್ಲ. ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಪರೀಕ್ಷಿಸಿ, 2002ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ಅಲ್ಲಿ ವಿಶೇಷ ಮಂತ್ರ ತಂತ್ರವೇನೂ ಇರಲಿಲ್ಲ. ಬೆಳಿಗ್ಗೆ ಒಂದು ಚಿಕ್ಕ ಪೂಜೆ, ಆಮೇಲೆ ಗುಡಿಯ ಸಣ್ಣಪುಟ್ಟ ಕೆಲಸ, ಪಕ್ಕದಲ್ಲಿ ಮನೆಯವರೊಬ್ಬರು. ಹುಚ್ಚ ಎಂದು ಯಾರೂ ಹೀಯಾಳಿಸುತ್ತಿರಲಿಲ್ಲ. ಹಾಗೆಂದು ಇದರಿಂದ ಮಾತ್ರೆ ಬೇಡ ಎಂದು ಅರ್ಥ ಮಾಡಬಾರದು. ಅದು ಸಣ್ಣ ಅಧ್ಯಯನ, ಔಷಧದ ಜೊತೆ ಹೋಲಿಸಿ ನೋಡಿದ್ದೂ ಅಲ್ಲ. ಆದರೆ ಆದರದಿಂದ ನೋಡಿಕೊಳ್ಳುವುದಕ್ಕೆ ಬೆಲೆ ಇದೆ ಎಂಬುದಂತೂ ಅದರಿಂದ ತಿಳಿಯುತ್ತದೆ.

ಅದೇ ರಾಜ್ಯದ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯಗೃಹವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಿಂದ ಕಟ್ಟಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ದೇವರ ಹೆಸರಿನಲ್ಲಿ ಕಟ್ಟುವುದು, ಬಡಿಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಭಕ್ತಿಯಲ್ಲ. ಅದು ಹಿಂಸೆ.

ಇನ್ನು ವ್ರತಗಳ ವಿಚಾರ. ಇಲ್ಲಿ ತೊಂದರೆ ಹೆಚ್ಚು. ಕೆಲವರಿಗೆ ಲಿಥಿಯಂ ಎಂಬ ಮಾತ್ರೆ ಕೊಟ್ಟಿರುತ್ತೇವೆ. ನೀರು ಕುಡಿಯದೆ ಉಪವಾಸ ಮಾಡಿದರೆ, ಅಥವಾ ಬಿಸಿಲಲ್ಲಿ ಶ್ರೀಶೈಲ ಪಾದಯಾತ್ರೆಗೆ ಹೊರಟು ಬೆವರು ಹರಿಸಿದರೆ, ಈ ಔಷಧ ರಕ್ತದಲ್ಲಿ ಮಿತಿಮೀರಿ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ನಡಿಗೆ ತಡವರಿಸುವುದು ಅದರ ಸೂಚನೆ. ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಹಾಗೆಯೇ ಒಮ್ಮೆ ಅತಿ ಉತ್ಸಾಹ, ಒಮ್ಮೆ ಅತಿ ಬೇಸರ ಬರುವ ಕಾಯಿಲೆಯವರಿಗೆ ಶಿವರಾತ್ರಿಯ ಜಾಗರಣೆ ಒಳ್ಳೆಯದಲ್ಲ. ಒಂದು ರಾತ್ರಿ ನಿದ್ದೆಗೆಟ್ಟರೂ ಕಾಯಿಲೆ ಮರುಕಳಿಸಬಹುದು. ಪೂಜೆ ಮುಗಿಸಿ ಮಲಗಲಿ, ಉಳಿದವರು ಜಾಗರಣೆ ಮಾಡಿದರಾಯಿತು. 'ದೇವರು ವಾಸಿ ಮಾಡಿದ, ಇನ್ನು ಮಾತ್ರೆ ಯಾಕೆ' ಎಂದು ತಾವೇ ನಿಲ್ಲಿಸುವವರು ಬಹಳ. ನಿಲ್ಲಿಸುವ ಮುನ್ನ ಒಂದು ಮಾತು ವೈದ್ಯರನ್ನು ಕೇಳಿ.

ಕೆಲವೊಮ್ಮೆ ಕಾಯಿಲೆಯೇ ಭಕ್ತಿಯ ವೇಷ ಹಾಕಿಕೊಂಡು ಬರುತ್ತದೆ. ಖಿನ್ನತೆ ಇರುವವರು 'ನಾನು ಮಹಾಪಾಪಿ, ದೇವರು ನನ್ನನ್ನು ಕೈಬಿಟ್ಟ' ಎನ್ನುತ್ತಾರೆ. ಅವರಿಗೆ 'ಇನ್ನೂ ಹೆಚ್ಚು ಪೂಜೆ ಮಾಡು' ಎಂದರೆ ಪಾಪದ ಹೊರೆ ಹೆಚ್ಚುತ್ತದೆ. ಗೀಳು ಕಾಯಿಲೆಯವರು ಇಷ್ಟಲಿಂಗ ಮೈಲಿಗೆಯಾಯಿತೆಂದು ಹತ್ತಾರು ಸಲ ತೊಳೆದು, ಪೂಜೆಯನ್ನು ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ಇದನ್ನು ನಿಷ್ಠೆ ಎಂದು ಹೊಗಳಬೇಡಿ. ಪೂಜೆಯಿಂದ ಎದ್ದವರ ಮುಖದಲ್ಲಿ ಸಮಾಧಾನ ಇದೆಯೋ, ಭಯ ಇದೆಯೋ ನೋಡಿ.

ವಾರ್ಡಿನಲ್ಲಿ ಶಿವದಾರ, ಜನಿವಾರ, ಉಡಿದಾರ ತೆಗೆಸುತ್ತಾರೆಂದು ಹಿರಿಯರು ನೊಂದುಕೊಳ್ಳುವುದುಂಟು. ಜೀವ ಕಳೆದುಕೊಳ್ಳುವ ಯೋಚನೆ ಇರುವ ರೋಗಿಯ ಬಳಿ ಯಾವ ದಾರವೂ ಇರಬಾರದೆಂಬುದೇ ಅದಕ್ಕೆ ಕಾರಣ. ಧರ್ಮಕ್ಕೆ ಅಗೌರವವಲ್ಲ. ಪೂಜೆಯ ಹೊತ್ತಿಗೆ ಮನೆಯವರು ಪಕ್ಕದಲ್ಲಿ ಕೂತು ಇಷ್ಟಲಿಂಗವನ್ನು ಕೊಟ್ಟು, ಮುಗಿದ ಮೇಲೆ ತಾವೇ ಜೋಪಾನವಾಗಿ ಇಟ್ಟುಕೊಳ್ಳಬಹುದೇ ಎಂದು ಸಿಸ್ಟರ್ ಅವರನ್ನು ಕೇಳಿ. ಕರೆಂಟ್ ಚಿಕಿತ್ಸೆ ಇರುವ ದಿನ ಬೆಳ್ಳಿಯ ಕರಡಿಗೆ, ಲೋಹದ ತಾಯತ ಮೊದಲೇ ತೆಗೆದಿಡಬೇಕಾಗುತ್ತದೆ.

ರೋಗಿಯನ್ನು ನೋಡಲು ಬರುವ ಸ್ವಾಮಿಗಳು, ಮೌಲ್ವಿಗಳು, ಪಾದ್ರಿಗಳು, ಊರ ಹಿರಿಯರಿಗೂ ಒಂದು ವಿನಂತಿ. ಅಮೆರಿಕದಲ್ಲಿ ಆಂಟನ್ ಬಾಯ್ಸೆನ್ ಎಂಬ ಪಾದ್ರಿ 1920ರಲ್ಲಿ ತಾವೇ ಮನೋರೋಗದಿಂದ ಆಸ್ಪತ್ರೆ ಸೇರಿದ್ದರು. ವಾಸಿಯಾಗಿ, 1924ರಲ್ಲಿ ವೂಸ್ಟರ್ ಎಂಬ ಊರಿನ ಮನೋರೋಗ ಆಸ್ಪತ್ರೆಯಲ್ಲಿ ಧಾರ್ಮಿಕ ಸಾಂತ್ವನದ ಕೆಲಸಕ್ಕೆ ನಿಂತರು. ಮರುವರ್ಷ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದರು. ಪುಸ್ತಕ ಓದುವಂತೆ ರೋಗಿಯ ಬದುಕನ್ನೂ ಓದಿ ಕಲಿಯಬೇಕೆಂಬುದು ಅವರ ಪಾಠ. ತಾವೂ ಬಂದಾಗ ಉಪದೇಶಕ್ಕಿಂತ ಮೊದಲು ಹತ್ತು ನಿಮಿಷ ಸುಮ್ಮನೆ ಕೂತು ಕೇಳಿ. ಪೂರ್ವಜನ್ಮದ ಕರ್ಮ, ಶಾಪ ಎನ್ನಬೇಡಿ. ರೋಗಿ ಒಲ್ಲೆ ಎಂದರೆ ಪ್ರಾರ್ಥನೆಗೆ ಒತ್ತಾಯ ಬೇಡ. ಅವರು ಗುಟ್ಟಾಗಿ ಹೇಳಿದ್ದನ್ನು ಹೊರಗೆ ಆಡಬೇಡಿ. ಆದರೆ ಸಾಯುವ ಮಾತನ್ನಾಡಿದರೆ ಅದನ್ನು ಗುಟ್ಟಾಗಿ ಇಡಬಾರದು. ಅಂದೇ, ಆ ಕ್ಷಣವೇ ಸಿಸ್ಟರ್ ಅಥವಾ ವೈದ್ಯರಿಗೆ ತಿಳಿಸಿ. ಮನೆಗೆ ಹೋದ ಮೇಲೆ ಇಂಥ ಮಾತು ಬಂದರೆ ರೋಗಿಯನ್ನು ಒಂಟಿಯಾಗಿ ಬಿಡದೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.