ಹೊಳೆ ಇಳಿದಾಗ ಸಂಗಮ

ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗಿ, ಮುತ್ತುಗ ಕೆಂಡದಂತೆ ಹೂಬಿಟ್ಟು, ಹೊಂಗೆ ಚಿಗುರುವ ಹೊತ್ತಿಗೆ ಕನಕಪುರದಿಂದ ದೊಡ್ಡಆಲಹಳ್ಳಿ ಹಾದು, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ಕಾರು ಬೈಕುಗಳ ಸಾಲು ಶುರು. 2022ರ ಜನವರಿಯಲ್ಲಿ ಮೇಕೆದಾಟು ಅಣೆಕಟ್ಟೆ ಬೇಕೆಂದು ನಡೆದ ಪಾದಯಾತ್ರೆಯ ಮೊದಲ ದಿನದ ನಡಿಗೆ ಮುಗಿದದ್ದು ಈ ದೊಡ್ಡಆಲಹಳ್ಳಿಯಲ್ಲೇ. ಹಾಗಾಗಿ ಟಿವಿ ನೋಡುವವರಿಗೆಲ್ಲ ಊರಿನ ಹೆಸರು ಗೊತ್ತು. ಯಾತ್ರೆ ಹೊರಟ ಸಂಗಮ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಮಡಿಲಲ್ಲಿದೆ ಅನ್ನುವುದು ಮಾತ್ರ ಅಷ್ಟಾಗಿ ಯಾರ ತಲೆಯಲ್ಲೂ ಉಳಿಯಲಿಲ್ಲ.

ಮಳೆಗಾಲದಲ್ಲಿ ಅರ್ಕಾವತಿಯನ್ನು ತೆಪ್ಪದಲ್ಲಿ ದಾಟುವ ಜನ ಈಗ ಪ್ಯಾಂಟು ಮಡಚಿ ನಡೆದೇ ಆಚೆ ಹೋಗುತ್ತಾರೆ. ನೀರು ಕಮ್ಮಿಯಾಯಿತು ಅಂತ ನಮಗೆ ಬೇಸರ. ಆದರೆ ಇಲ್ಲಿನ ಎಷ್ಟೋ ಜೀವಗಳ ಸಂಸಾರ ಶುರುವಾಗುವುದೇ ಹೊಳೆ ಇಳಿದು ಮರಳು ಮೇಲೆದ್ದಾಗ. ಹೊಳೆ ರೀವವನ್ನೇ ನೋಡಿ. ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲದ ಈ ಹಕ್ಕಿಗೆ ಮರ ಬೇಡ, ಪೊದೆ ಬೇಡ. ಬೋಳು ಮರಳಲ್ಲಿ ಎದೆ ಒತ್ತಿ ಒಂದು ಗುಳಿ ಮಾಡಿದರೆ ಅದೇ ಗೂಡು. ಮರಳಿನದೇ ಬಣ್ಣದ ಎರಡು ಮೂರು ಮೊಟ್ಟೆ, ಮೇಲೆ ಕಂದು ಮಚ್ಚೆ. ಅಂಗೈ ದೂರದಲ್ಲಿದ್ದರೂ ಕಾಣುವುದಿಲ್ಲ. ನೆತ್ತಿ ಸುಡುವ ಹೊತ್ತಿನಲ್ಲಿ ತಾಯಿಯೋ ತಂದೆಯೋ ನೀರಿಗಿಳಿದು ಹೊಟ್ಟೆಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಮೇಲಿನ ಅಣೆಕಟ್ಟೆಯಿಂದ ಒಮ್ಮೆಗೇ ನೀರು ಬಿಟ್ಟರೆ ಮುಗಿಯಿತು, ದಿಬ್ಬವೂ ಇಲ್ಲ, ಮೊಟ್ಟೆಯೂ ಇಲ್ಲ.

ಮೊಸಳೆಯೂ ಇದೇ ಕಾಲದಲ್ಲಿ ದಡದ ಮರಳು ಬಗೆದು ಮೊಟ್ಟೆ ಹೂಳುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದನ್ನು ಕಂಡು ಸತ್ತಿದೆಯೆಂದು ಕಲ್ಲೆಸೆಯುವ ಮಹಾಶಯರಿದ್ದಾರೆ! ನೀರುನಾಯಿ ಸುಲಭಕ್ಕೆ ಕಾಣದು. ಅದರ ಗುರುತು ಸಿಗುತ್ತದೆ. ನೀರಂಚಿನ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ತುಂಬಿದ, ಮೂಗು ಮುಚ್ಚಿಸುವ ಹಿಕ್ಕೆ. ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಹಾಕುವುದು ಅವುಗಳ ರೂಢಿ.

ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಸೊತ್ತು ಇರುವುದು ತಲೆಯ ಮೇಲೆ. ದಡದ ಹೊಳೆಮತ್ತಿ ಮರಗಳಲ್ಲಿ ಬೂದು ಬಣ್ಣದ ದೊಡ್ಡಳಿಲು ವಾಸಿಸುತ್ತದೆ. ಪಶ್ಚಿಮಘಟ್ಟದ ಕೆಂಜಳಿಲಿನ ಹತ್ತಿರದ ನಂಟ. ಶ್ರೀಲಂಕಾ, ತಮಿಳುನಾಡು, ಕೇರಳದ ಚಿನ್ನಾರ್ ಬಿಟ್ಟರೆ ಇದು ಇರುವುದು ಕಾವೇರಿಯ ಈ ದಡದ ಕಾಡಿನಲ್ಲಿ. ಕರ್ನಾಟಕದಲ್ಲಿ ಬೇರೆಲ್ಲೂ ಇಲ್ಲ. ಕೊಂಬೆಯಿಂದ ಕೊಂಬೆಗೆ ಜಿಗಿದು ಓಡಾಡುವ ಪ್ರಾಣಿ, ಸಾಲಿನ ನಡುವೆ ನಾಲ್ಕು ಮರ ಬಿದ್ದರೆ ಅದರ ದಾರಿಯೇ ಕಡಿದಂತೆ. ಮಡುಗಳಲ್ಲಿರುವ ಗೂನುಬೆನ್ನಿನ ಮಹಶೀರ್ ಮೀನಿನ ಕಥೆ ಇನ್ನೂ ಕಷ್ಟದ್ದು. ಜಗತ್ತಿನ ಬೇಟೆಗಾರರು ಗಾಳ ಹಿಡಿದು ಹುಡುಕಿಬಂದ ಈ ದೈತ್ಯನ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ, ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆ ಹೊತ್ತುಕೊಂಡೇ ಇಲ್ಲಿಗೆ ಬರುತ್ತಾಳೆ. ಆ ನೀರಲ್ಲಿ ಮುಳುಗೆದ್ದು ಪುಣ್ಯ ಬಂತೆಂದು ಹೋಗುವವರಲ್ಲಿ ಬೆಂಗಳೂರಿನವರೇ ಜಾಸ್ತಿ.

ಮೇಕೆದಾಟು ಅಣೆಕಟ್ಟೆ ಕಟ್ಟಿದರೆ 67 ಟಿಎಂಸಿ ನೀರು ನಿಲ್ಲುತ್ತದೆ, ಸುಮಾರು 5 ಸಾವಿರ ಹೆಕ್ಟೇರ್ ಕಾಡು ಮುಳುಗುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಸಿಗುತ್ತದೆನ್ನುವ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು, ಒಪ್ಪುತ್ತೇನೆ. ಕಾಡಿಗೆ ಬದಲಾಗಿ ಬೇರೆಡೆ ಸಸಿ ನೆಡುತ್ತೇವೆಂದು ಕಾಗದದಲ್ಲಿ ಲೆಕ್ಕ ತೋರಿಸಬಹುದು. ಮರಳದಿಬ್ಬವನ್ನು, ಮಡುವನ್ನು ಎಲ್ಲಿ ನೆಡುತ್ತಾರೆ?

ನೋಡಬೇಕೆನ್ನುವವರು ಯುಗಾದಿಯ ಆಸುಪಾಸಿಗೆ, ಭಾನುವಾರ ಬಿಟ್ಟು, ಬಿಸಿಲೇರುವ ಮುಂಚೆ ಹೋಗಿ. ಮರಳದಿಬ್ಬಕ್ಕೆ ಕಾಲಿಡಬೇಡಿ, ದಡದಿಂದಲೇ ದುರ್ಬೀನು ಸಾಕು. ಮೊಸಳೆ ಯಾವ ಬಂಡೆಗೆ ಬರುತ್ತದೆಂದು ತೆಪ್ಪದವರನ್ನು ಕೇಳಿ. ಆಚೆ ದಡದಿಂದ ಮೇಕೆದಾಟಿಗೆ ಹೋಗುವ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿಕೇಳಿ ಅವರಿಗೂ ಸಾಕಾಗಿದೆ.