ಸಾಣಾಪುರದಲ್ಲಿ ಯಾರಿಗೂ ಅವಸರವಿಲ್ಲ

ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ದಾಟಿ ಗಂಗಾವತಿ ಸೇರಿ, ಆನೆಗೊಂದಿ ಹಾದಿ ಹಿಡಿದರೆ ಒಂದು ಮಗ್ಗುಲಿಗೆ ಭತ್ತದ ಗದ್ದೆ, ಇನ್ನೊಂದು ಮಗ್ಗುಲಿಗೆ ಬಂಡೆಗುಡ್ಡ. ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿದ ದಿನಗಳಲ್ಲಿ ಮಾತ್ರ ಈ ದಾರಿ ನಂಬುವಂತಿಲ್ಲ. ಸಾಣಾಪುರದಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಬಾಡಿಗೆ ಮೊಪೆಡ್‌ಗೆ ಕೈಚೀಲ ಸಿಕ್ಕಿಸಿಕೊಂಡ ವಿದೇಶಿ ಹೆಣ್ಣುಮಗಳೊಬ್ಬಳು ತರಕಾರಿ ಅಂಗಡಿ ಮುಂದೆ ನಿಂತು, ‘ಅಕ್ಕಾ, ಇದು ಜಾಸ್ತಿ’ ಎಂದು ಟೊಮ್ಯಾಟೊಗೆ ಚೌಕಾಸಿ ಮಾಡುತ್ತಿದ್ದಳು. ಅಂಗಡಿಯಾಕೆ ಜಗ್ಗಲಿಲ್ಲ, ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿ ಕಳಿಸಿದಳು. ಹಂಪಿ ನೋಡಿ ಸಂಜೆ ಬಸ್ಸಿಗೆ ಹೊರಡುವವರು ಟೊಮ್ಯಾಟೊ ಕೊಳ್ಳುವುದಿಲ್ಲ. ಈಕೆಯಂಥವರು ಒಲೆ ಹೂಡಿ ಕೂರುವ ಪೈಕಿ.

ಚಳಿ ಶುರುವಾಗುವ ಹೊತ್ತಿಗೆ ಬಂದು ಬಿಸಿಲೇರುವವರೆಗೆ ಇರುವುದು ಇವರ ರೂಢಿ. ಸೈನ್ಯದ ಕಡ್ಡಾಯ ಸೇವೆ ಮುಗಿಸಿದ ಇಸ್ರೇಲಿ ಹುಡುಗರು ಮೊದಲಿನಿಂದಲೂ ಬರುತ್ತಿದ್ದವರು. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿನ ಬಂಡೆ ಹತ್ತಿದ ‘ಪಿಲ್‌ಗ್ರಿಮೇಜ್’ ಚಿತ್ರ 2003ರಲ್ಲಿ ಬಂದಮೇಲೆ ಬಂಡೆ ಹತ್ತುವವರ ದಂಡೂ ಕೂಡಿಕೊಂಡಿತು. ಹಗ್ಗವಿಲ್ಲ, ಬಿದ್ದರೆ ಏಟಾಗದಿರಲೆಂದು ದಪ್ಪನೆಯ ಹಾಸಿಗೆ ಬೆನ್ನಿಗೆ ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ನಡೆಯುತ್ತಾರೆ. ನಾಟಿ ಹಚ್ಚುವ ಹೆಂಗಸರು ತಲೆ ಎತ್ತಿಯೂ ನೋಡುವುದಿಲ್ಲ, ಅಷ್ಟು ಸವೆದುಹೋದ ನೋಟ ಅದು.

ಇತಿಹಾಸ ಹೇಳಲೇಬೇಕಲ್ಲ: ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ 2006ರಲ್ಲಿ ಹೊರಬಂತು. ವಿರೂಪಾಕ್ಷ ಗುಡಿಯ ಎದುರು ದಡದ ವಿರುಪಾಪುರಗಡ್ಡೆಯಲ್ಲಿ ಈ ನಡುವೆ ಇಂಥವರಿಗಾಗಿ ಗುಡಿಸಲು, ಹೋಟೆಲು, ತೂಗುಮಂಚಗಳ ಪುಟ್ಟ ಊರೇ ಎದ್ದಿತ್ತು. ಅಕ್ರಮ ಕಟ್ಟಡಗಳೆಂಬ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು, ಅದರ ಬೆನ್ನಿಗೇ ಕೊರೊನಾ.

ಸಾಣಾಪುರದ ಕೆರೆಯ ದಂಡೆಯಲ್ಲಿ ತೆಪ್ಪ ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ ಹಿರಿಯರಿಗೆ ಕೋರ್ಟಿನ ಮಾತು ಬೇಕಿರಲಿಲ್ಲ. ‘ಗಡ್ಡ್ಯಾಗ ಇದ್ದಾಗ ಸಂಜಿಗೆ ದೋಣಿ ನಿಂತ್ರ ಆತು, ಯಾರೂ ಎಲ್ಲೂ ಹೋಗಂಗಿಲ್ರಿ. ತಿಂಗಳಾನುಗಟ್ಲೆ ಇರ್ತಿದ್ರು. ನಮ್ಮ ಮನ್ಯಾಗ ರೊಟ್ಟಿ ತಿಂದು ಹೋದವ್ರು ಅದಾರ’ ಎಂದರು. ತೆಪ್ಪದ ಬಗ್ಗೆ ಕೇಳಿದ್ದೇ ತಡ, ಕುಂಚ ಬಿಟ್ಟು ಕೂತೇಬಿಟ್ಟರು. ಬಿದಿರು ಸೀಳಿ, ನಡುವಿನಿಂದ ಹೆಣೆಯುತ್ತ ಬಂದು, ಅಂಚು ಎತ್ತರಿಸಿ, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯಬೇಕು. ಹಾಳೆ ಇಲ್ಲದ ಕಾಲದಲ್ಲಿ ಚರ್ಮ ಇತ್ತು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿ ಕಡೆಗೆ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂಥ ಚರ್ಮದ ದೋಣಿಗಳನ್ನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ಇದನ್ನು ಹೇಳಿದರೆ ಹಿರಿಯರಿಗೆ ಅಚ್ಚರಿಯೇ ಇಲ್ಲ. ‘ಎತ್ತು ಸುಮ್ನ ನಿಂತಿರ್ತಾವ. ಈಗಿನ ಹುಡುಗ್ರು ಸೆಲ್ಫಿಗೆ ಒಂದ ಕಡಿ ಜೋಲ್ತಾರ.’

ಹೆಣೆಯುವುದನ್ನು ಅವರ ಮಗ ಕಲಿತಿಲ್ಲ. ಸವಾರಿ ಮಾಡಿಸಿದರೆ ಕೈಗೆ ಕಾಸು ಬೀಳುತ್ತದೆ, ಬಿದಿರು ಸೀಳಿದರೆ ಬೆರಳೇ ಸೀಳುತ್ತದೆ ಎಂಬುದು ಮಗನ ಲೆಕ್ಕ. ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ಗಡ್ಡೆಯಲ್ಲಿ ಕಿತ್ತ ಡೇರೆ ಸಾಣಾಪುರ, ಆನೆಗೊಂದಿಯ ಸುತ್ತ ಊರಿದೆ. ಆದರೆ ನಿಧಾನದ ಬದುಕಿಗೆ ಈಗ ಪೈಪೋಟಿ ಬಿದ್ದಿದೆ. ಶನಿವಾರ ಬಂತೆಂದರೆ ಬೆಂಗಳೂರು, ಹೈದರಾಬಾದ್ ಕಾರುಗಳು. ಎರಡು ರಾತ್ರಿಗೆ ಅವರು ಕೊಡುವ ಬಾಡಿಗೆಯ ಮುಂದೆ ತಿಂಗಳ ಲೆಕ್ಕದಲ್ಲಿ ಇರುವವರು ಬಡವರು. 2025ರ ಮಾರ್ಚ್‌ನಲ್ಲಿ ಇಲ್ಲೇ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯ, ಒಂದು ಸಾವು, ಊರಿನವರ ಮಾತಿನಲ್ಲಿ ಈಗಲೂ ನುಸುಳುತ್ತದೆ. ನುಸುಳಿದ ಕೂಡಲೇ ಮಾತು ಬದಲಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತ ಮನೆಯಲ್ಲಿ ಯಜಮಾನತಿ ಮೊಬೈಲ್ ಹಿಡಿದು ಒದ್ದಾಡುತ್ತಿದ್ದರು. ವಿದೇಶಿಯರು ಉಳಿದರೆ ಇಪ್ಪತ್ನಾಲ್ಕು ತಾಸಿನೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರಂ ತುಂಬಬೇಕು, ನೆಟ್‌ವರ್ಕ್ ಮಾತ್ರ ಮಹಡಿಯ ಮೂಲೆಯಲ್ಲೇ ಸಿಗುವುದು. ‘ಪಾಸ್‌ಪೋರ್ಟ್ ಫೋಟೊ ಅಪ್‌ಲೋಡ್ ಆಗವಲ್ದು, ನೀವು ಓದಿದವ್ರು, ಸ್ವಲ್ಪ ನೋಡ್ರಿ’ ಎಂದು ಫೋನು ನನ್ನ ಕೈಗಿಟ್ಟು, ಅನ್ನಕ್ಕೆ ಇನ್ನೊಂದು ಸೌಟು ಸಾರು ಸುರಿದರು.